ಲ್ಯಾಪ್‌ಟಾಪ್ ಕೊಳ್ಳುವ ಮುನ್ನ

ಮಗಳು ಕಾಲೇಜು ಸೇರಿದ್ದಾಳೆ. ದಿನಾ ಬಸ್ಸಿನಲ್ಲಿ ನಿಂತು ಹೋಗುತ್ತಾಳೆ. "ಅಮ್ಮಾ, ಲ್ಯಾಪ್‌ಟಾಪ್ ಬೇಕು" ಅಂತಾಳೆ. ಸಂಘದಲ್ಲಿ ಸಾಲ ತೆಗೆದಿದ್ದೀರಿ. ತೀರಿಸುವವರು ನೀವು. ಅಂಗಡಿಗೆ ನೀವೂ ಹೋಗಿ, ಅಕ್ಕಾ.

ಮೊದಲು ಕೈಯಲ್ಲಿ ಎತ್ತಿ ನೋಡಿ. 1.5 ಕಿಲೋ, ಅಂದರೆ ಒಂದೂವರೆ ಕಿಲೋ ಒಳಗಿದ್ದರೆ ಹಗುರ. 2 ಕಿಲೋ ದಾಟಿದರೆ ದಿನಾ ಹೊರುವುದು ಕಷ್ಟ. ಪುಸ್ತಕ, ಬುತ್ತಿ, ಚಾರ್ಜರ್ ಎಲ್ಲದರ ಭಾರವೂ ಅದೇ ಹೆಗಲ ಮೇಲೆ ತಾನೇ!

ಆಮೇಲೆ ಡಬ್ಬಿಯ ಮೇಲಿನ ಚೀಟಿ ನೋಡಿ. ಅಕ್ಷರ ಇಂಗ್ಲಿಷಿನದು. ಅಂಕಿ ನಿಮಗೆ ಗೊತ್ತು. ಅಲ್ಲಿ ಎರಡು ಕಡೆ ಜಿಬಿ ಲೆಕ್ಕ ಇರುತ್ತದೆ. ಒಂದು ರ‍್ಯಾಮ್. ಅದು ಅಡುಗೆಕಟ್ಟೆ ಇದ್ದ ಹಾಗೆ. ಕಟ್ಟೆ ದೊಡ್ಡದಿದ್ದರೆ ನಾಲ್ಕು ಕೆಲಸ ಒಟ್ಟಿಗೆ ಆಗುತ್ತವೆ. ಇನ್ನೊಂದು ಸ್ಟೋರೇಜ್. ಅದು ಕಣಜ. ಪಾಠ, ಚಿತ್ರ ತುಂಬಿಡುವ ಜಾಗ. ರ‍್ಯಾಮ್ 8 ಜಿಬಿ ಇರಲಿ. ಸ್ಟೋರೇಜ್ 256 ಜಿಬಿ ಇರಲಿ. ತೀರಾ ಅಗ್ಗದ ಕೆಲವದರಲ್ಲಿ ಕಣಜ 64 ಜಿಬಿ ಮಾತ್ರ. ಬೇಗ ತುಂಬಿಹೋಗುತ್ತದೆ.

"ರ‍್ಯಾಮ್ ಆಮೇಲೆ ಹಾಕಿಸಿಕೊಳ್ಳಿ" ಅಂತ ಅಂಗಡಿಯವರು ಹೇಳಬಹುದು. "ಇದರಲ್ಲಿ ಆಗುತ್ತಾ?" ಅಂತ ಕೇಳಿ. ಹಗುರವಾದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಬೆಸುಗೆ ಹಾಕಿರುತ್ತಾರೆ. ಮತ್ತೆ ಹೆಚ್ಚಿಸಲು ಆಗದು.

ಹಳೆಯದು ಕೊಳ್ಳುತ್ತೀರಾ? ವಿಂಡೋಸ್ 11 ನಡೆಯುತ್ತದಾ ಕೇಳಿ. ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

"ಬಿಲ್ಲು ಬೇಡ ಅಂದ್ರೆ ಕಡಿಮೆ ಮಾಡ್ತೀನಿ" ಅಂದರೆ ಒಪ್ಪಬೇಡಿ. ಕೆಟ್ಟರೆ ವಾರಂಟಿ ಕೇಳಲು ಬಿಲ್ಲೇ ಆಧಾರ. ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್, ಲ್ಯಾಪ್‌ಟಾಪ್ ಅಡಿಯ ನಂಬರ್ ಎರಡೂ ಒಂದೇನಾ? ಬೆರಳಿಟ್ಟು ಓದಿ. ಆಮೇಲೆ ಹಣ ಕೊಡಿ.