ಫಿಂಚ್ ಜೋಡಿ ತಂದ ಸುಹಾಸನಿಗೆ

ಮೈಸೂರು

ಚಿ. ಸುಹಾಸ,

ನೀನು ಕಳಿಸಿದ ವಿಡಿಯೊ ನೋಡಿದೆ. ಜೋಡಿ ಬಹಳ ಮುದ್ದಾಗಿದೆ ಕಣೋ. ಕೆನ್ನೆಯಲ್ಲಿ ಕಿತ್ತಳೆ ಬಣ್ಣ ಇರುವುದು ಗಂಡು, ಬರೀ ಬೂದು ಮೈಯದು ಹೆಣ್ಣು. ಅಂಗಡಿಯವನು ಜೀಬ್ರಾ ಫಿಂಚನ್ನೇ ಕೊಟ್ಟಿದ್ದಾನೆ, ಸಮಾಧಾನವಾಯಿತು. ನಮ್ಮ ಹೊಲಗದ್ದೆಗಳ ರಾಟವಾಳಗಳನ್ನು ಬಲೆ ಹಾಕಿ ಹಿಡಿದು, ಬಣ್ಣ ಬಳಿದು ಮಾರುವವರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ನಿನ್ನ ಹಕ್ಕಿಗಳ ಮೂಲ ಆಸ್ಟ್ರೇಲಿಯಾ. ಎಷ್ಟೋ ತಲೆಮಾರಿನಿಂದ ಪಂಜರದಲ್ಲೇ ಮರಿಯಾಗುತ್ತ ಬಂದ ಜಾತಿ.

ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಬಿಡುತ್ತೀಯ ಅಂತ ಕಾಗದ ಬರೆಯುತ್ತಿದ್ದೇನೆ. ಮೊದಲು ಪಂಜರವನ್ನು ಅಡುಗೆಮನೆಯಿಂದ ಆಚೆಗೆ ತೆಗೆ, ಇವತ್ತೇ. ನಾನ್‌ಸ್ಟಿಕ್ ತವಾ ಮಿತಿಮೀರಿ ಕಾದರೆ ಏಳುವ ಹೊಗೆ ನಮಗೆ ಗೊತ್ತೇ ಆಗದಿರಬಹುದು, ಹಕ್ಕಿಗೆ ಅದು ನಿಮಿಷಗಳಲ್ಲಿ ಪ್ರಾಣ ತೆಗೆಯುವ ವಿಷ. ಸೊಳ್ಳೆ ಬತ್ತಿ, ಊದುಬತ್ತಿ, ಸಾಂಬ್ರಾಣಿ ಹೊಗೆಯೂ ಬೇಡ. ಹಕ್ಕಿಗಳಿಗೆ ಶ್ವಾಸಕೋಶದ ಜೊತೆಗೆ ಮೈಯೊಳಗೆಲ್ಲ ಗಾಳಿಚೀಲಗಳಿವೆ, ಒಳಗೆ ಹೋದದ್ದು ಬೇಗ ರಕ್ತ ಸೇರುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ವಿಷಾನಿಲದ ಸುಳಿವಿಗೆ 1986ರವರೆಗೂ ಕ್ಯಾನರಿ ಇಟ್ಟುಕೊಳ್ಳುತ್ತಿದ್ದರು. ಆ ಕ್ಯಾನರಿಯೂ ಫಿಂಚ್ ಬಳಗದ್ದೇ.

ಎರಡನೆಯದು ಕಾಳಿನ ಬಟ್ಟಲು. ವಿಡಿಯೊದಲ್ಲಿ ಅದು ತುಂಬಿದ ಹಾಗೇ ಕಾಣುತ್ತಿತ್ತು, ಆದರೆ ಮೇಲಿದ್ದದ್ದೆಲ್ಲ ಬರೀ ಹೊಟ್ಟು! ಫಿಂಚ್ ಪ್ರತಿ ಕಾಳನ್ನೂ ಕೊಕ್ಕಿನಲ್ಲಿ ಹೊರಳಿಸಿ, ಸಿಪ್ಪೆ ಬಿಡಿಸಿ, ಆ ಸಿಪ್ಪೆಯನ್ನು ಅಲ್ಲೇ ಉದುರಿಸುತ್ತದೆ. ಸಂಜೆ ಹೊತ್ತಿಗೆ ಬಟ್ಟಲು ತುಂಬಿಯೇ ಇರುತ್ತದೆ, ಹಕ್ಕಿ ಹಸಿದಿರುತ್ತದೆ. ಹನ್ನೆರಡರಿಂದ ಹದಿನೈದು ಗ್ರಾಂ ತೂಗುವ ಜೀವ ಅದು, ಒಂದು ದಿನದ ಉಪವಾಸವನ್ನೂ ತಡೆಯದು. ಬೆಳಿಗ್ಗೆ ಎದ್ದ ತಕ್ಷಣ ಬಟ್ಟಲನ್ನು ಹೊರಗೆ ಒಯ್ದು ಹೊಟ್ಟು ಊದಿ ಕಾಳು ಹಾಕು, ನೀರು ಬದಲಿಸು. ಸಿಪ್ಪೆ ತೆಗೆಯದ ನವಣೆ, ಸಾಮೆ, ಬರಗು ಬೆರೆಸಿ ಕೊಡು. ಜೊತೆಗೆ ಚೆನ್ನಾಗಿ ತೊಳೆದ ಕೊತ್ತಂಬರಿ ಅಥವಾ ನುಗ್ಗೆ ಸೊಪ್ಪು. ಬೆಣ್ಣೆಹಣ್ಣು ಮಾತ್ರ ಹತ್ತಿರಕ್ಕೂ ಸುಳಿಯಬಾರದು, ಅದು ಹಕ್ಕಿಗೆ ವಿಷ.

ಇನ್ನು ಕಾಯಿಲೆಯ ವಿಷಯ. ಸಣ್ಣ ಹಕ್ಕಿ ತನ್ನ ನೋವನ್ನು ಬಚ್ಚಿಡುತ್ತದೆ ಮಗೂ. ಕಾಡಿನಲ್ಲಿ ಸೊರಗಿದ ಹಕ್ಕಿಯ ಮೇಲೇ ಗಿಡುಗನ ಕಣ್ಣು, ಆ ಭಯ ಪಂಜರದಲ್ಲೂ ಬಿಟ್ಟುಹೋಗಿಲ್ಲ. ಪುಕ್ಕ ಉಬ್ಬಿಸಿಕೊಂಡು ಹಗಲಲ್ಲೇ ಕಣ್ಣು ಮುಚ್ಚಿ ಕೂತಿದೆ ಅಂದರೆ ಕಾಯಿಲೆ ಶುರುವಾಗಿ ಎಷ್ಟೋ ಹೊತ್ತಾಗಿದೆ ಅಂತಲೇ ಅರ್ಥ. ಹಾಗಾಗಿ ಆರೋಗ್ಯವಾಗಿರುವಾಗಲೇ ದಿನವೂ ಸ್ವಲ್ಪ ಹೊತ್ತು ಪಂಜರದ ಮುಂದೆ ಕೂತು ನೋಡು. ಯಾವುದು ಮೊದಲು ಕಾಳಿಗೆ ಇಳಿಯುತ್ತದೆ, ಗಂಡು ಎಷ್ಟು ಹಾಡುತ್ತದೆ, ಹಿಕ್ಕೆ ಹೇಗಿದೆ. ತಳಕ್ಕೆ ದಿನಪತ್ರಿಕೆ ಹಾಸು, ಹಿಕ್ಕೆ ಚೆನ್ನಾಗಿ ಕಾಣುತ್ತದೆ: ಗಟ್ಟಿ ಕಪ್ಪು ಭಾಗ, ಮೇಲೆ ಬಿಳಿ ಇದ್ದರೆ ಸರಿ. ನೀರುನೀರಾಗಿ ಹಸಿರಾಗಿದ್ದು ಬಾಲದಡಿಯ ಪುಕ್ಕ ಅಂಟಿಕೊಂಡಿದ್ದರೆ ಕಾದು ನೋಡಬೇಡ.

ಹಕ್ಕಿ ಮಂಕಾದರೆ ಮೊದಲ ಮದ್ದು ಬಿಸುಪು. ಚಿಕ್ಕ ಪಂಜರದಲ್ಲಿ ಅದನ್ನು ಬೇರೆ ಇಟ್ಟು, ಮೂರು ಪಕ್ಕ ಬಟ್ಟೆ ಮುಚ್ಚಿ, ಒಂದು ಕೊನೆಯಲ್ಲಿ ಮಾತ್ರ ಹೊರಗಿನಿಂದ ಬಲ್ಬು ಇಡು. ಶೆಕೆ ಎನಿಸಿದರೆ ಅದು ಇನ್ನೊಂದು ಕೊನೆಗೆ ಸರಿಯುತ್ತದೆ. ಎಲ್‌ಇಡಿ ಬಲ್ಬಿನಿಂದ ಕೆಲಸವಾಗದು, ಹಳೇ ಕಾಲದ ನಲವತ್ತು ವ್ಯಾಟಿನದೇ ಬೇಕು. ಬಟ್ಟೆಗೆ ತಾಗದಂತೆ ನೋಡಿಕೋ. ಒಳಗೆ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಲಿ. ಅಡ್ಡಕೋಲು ಹತ್ತಲು ಶಕ್ತಿ ಇರುವುದಿಲ್ಲ, ಕಾಳು ನೀರು ನೆಲದಲ್ಲೇ ಇಡು. ಆಮೇಲೆ ತಡಮಾಡದೆ ಡಾಕ್ಟರು. ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಆಸ್ಪತ್ರೆಯಿದೆ. ನಿನ್ನ ಮನೆಯ ಹತ್ತಿರ ಹಕ್ಕಿ ನೋಡುವ ಡಾಕ್ಟರು ಯಾರಿದ್ದಾರೆ ಅಂತ ಈಗಲೇ ವಿಚಾರಿಸಿ ನಂಬರು ಗೋಡೆಗೆ ಅಂಟಿಸಿಡು. ಅಂಗಡಿಯವನು ಕೊಡುವ ಹಳದಿ ಆಂಟಿಬಯೋಟಿಕ್ ಪುಡಿಯನ್ನು ನೀರಿಗೆ ಬೆರೆಸಬೇಡ. ಯಾವ ರೋಗವೆಂದು ತಿಳಿಯದೆ ಆಂಟಿಬಯೋಟಿಕ್ ಕೊಡುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ.

ಎರಡು ತೊಂದರೆಗಳನ್ನು ನೀನು ಗುರುತು ಹಿಡಿಯಲು ಕಲಿಯಲೇಬೇಕು. ಒಂದು, ಉಸಿರುನಾಳದೊಳಗೆ ಸೇರುವ ನುಸಿ. ಗಂಡು ಹಾಡು ನಿಲ್ಲಿಸುತ್ತದೆ, ದನಿ ಒಡೆಯುತ್ತದೆ. ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುತ್ತದೆ, ಕೊಕ್ಕು ತೆರೆದೇ ಇರುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ಪಂಜರದ ಹತ್ತಿರ ಕಿವಿಯಿಟ್ಟು ಕೇಳು: ಪ್ರತಿ ಉಸಿರಿಗೂ ಸಣ್ಣಗೆ ಟಿಕ್ ಟಿಕ್ ಅನ್ನುತ್ತಿದ್ದರೆ ಅನುಮಾನ ಪಡು. ಇದಕ್ಕೆ ಐವರ್‌ಮೆಕ್ಟಿನ್ ಕೊಡುತ್ತಾರೆ, ಕತ್ತಿನ ಹಿಂದೆ ಪುಕ್ಕ ಸರಿಸಿ ಚರ್ಮಕ್ಕೆ ಹನಿ ಹಾಕುವ ಪದ್ಧತಿಯಿದೆ. ಆದರೆ ದನ, ನಾಯಿಗಳಿಗೆ ಮಾಡಿದ ಔಷಧಿಯನ್ನು ನೀನೇ ಅಳೆದು ಹಾಕಿದರೆ ಇಷ್ಟು ಹಗುರದ ಹಕ್ಕಿ ಉಳಿಯುವುದಿಲ್ಲ. ಪ್ರಮಾಣ ಡಾಕ್ಟರೇ ಹೇಳಬೇಕು. ಒಂದಕ್ಕೆ ಬಂದರೆ ಜೊತೆಗಾರನಿಗೂ ಚಿಕಿತ್ಸೆ ಬೇಕು.

ಇನ್ನೊಂದು ಹೆಣ್ಣಿನ ಕಷ್ಟ, ಮೊಟ್ಟೆ ಸಿಕ್ಕಿಕೊಳ್ಳುವುದು. ಪಂಜರದ ತಳದಲ್ಲಿ ಪುಕ್ಕ ಉಬ್ಬಿಸಿ ಕೂತು ತಿಣುಕುತ್ತಿದ್ದರೆ ಗಂಟೆಗಳ ಲೆಕ್ಕ. ಬಿಸುಪಿನ ಜೊತೆ ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟು ತೇವ ಮಾಡಿ ಆಸ್ಪತ್ರೆಗೆ ಓಡು. ಹೊಟ್ಟೆ ಒತ್ತಬೇಡ, ಒಳಗೆ ಮೊಟ್ಟೆ ಒಡೆದರೆ ಜೀವಕ್ಕೇ ಅಪಾಯ. ಹಿಡಿಯುವಾಗಲೂ ಎದೆ ಅದುಮದೆ, ಕತ್ತು ಎರಡು ಬೆರಳ ನಡುವೆ ಬರುವಂತೆ ಹಿಡಿ. ಎದೆ ಅಲುಗಿದರೇನೇ ಹಕ್ಕಿಗೆ ಉಸಿರು. ಮೊಟ್ಟೆ ಸಿಕ್ಕಿಕೊಳ್ಳದಂತೆ ಮಾಡಲು ಸುಣ್ಣದಂಶ ಬೇಕು. ಪಂಜರಕ್ಕೆ ಒಂದು ಕಟಲ್ ಬೋನ್ ಸಿಕ್ಕಿಸು, ಆಗಾಗ ಬೇಯಿಸಿದ ಮೊಟ್ಟೆಯನ್ನು ಚಿಪ್ಪಿನ ಸಮೇತ ಪುಡಿಮಾಡಿ ಕೊಟ್ಟು, ಉಳಿದದ್ದನ್ನು ಹಳಸುವ ಮೊದಲೇ ತೆಗೆ. ಬೆಳಗಿನ ಎಳೆ ಬಿಸಿಲು ಬೀಳಲಿ, ನೆರಳಿಗೆ ಸರಿಯಲು ಜಾಗವೂ ಇರಲಿ.

ಅಂಗಡಿಯವನು ಜೊತೆಗೆ ಕೊಟ್ಟ ಆ ಗೂಡನ್ನು ಸದ್ಯಕ್ಕೆ ತೆಗೆದುಬಿಡು. ಗೂಡು ಕಂಡರೆ ಈ ಹೆಣ್ಣು ಮತ್ತೆ ಮತ್ತೆ ಮೊಟ್ಟೆಯಿಟ್ಟು ಬಸವಳಿಯುತ್ತದೆ. ಅದು ನಿನ್ನ ಮನೆಗೆ ಹೊಂದಿಕೊಂಡು ಮೈ ತುಂಬಿಕೊಳ್ಳಲಿ, ಮರಿಗಳ ಮಾತು ಆಮೇಲೆ.

ದಸರೆಗೆ ಬರುವಾಗ ಇವನ್ನು ಬಸ್ಸಿನಲ್ಲಿ ತರಬೇಡ, ಗಾಬರಿಯಾಗುತ್ತವೆ. ಪಕ್ಕದ ಮನೆಯವರಿಗೆ ಹೊಟ್ಟು ಊದುವುದನ್ನು ತೋರಿಸಿ, ಈ ಕಾಗದವನ್ನೂ ಅವರ ಕೈಗೆ ಕೊಟ್ಟು ಬಾ. ಪಂಜರ ಎಲ್ಲಿಗೆ ಸರಿಸಿದೆ ಅಂತ ಫೋಟೊ ಕಳಿಸು.

ಇಂತಿ ನಿನ್ನ ಪ್ರೀತಿಯ,
ದೊಡ್ಡಮ್ಮ