ಕೈತಯಾರಿಕೆಯ ಚಾಕಲೇಟ್ ಅಂಗಡಿ: ವೆಚ್ಚ, ಬೆಲೆ ಮತ್ತು ತೆರಿಗೆಯ ಲೆಕ್ಕ

ಬೆಲ್ಜಿಯಂ ದೇಶದ ರಾಜಧಾನಿ ಬ್ರಸೆಲ್ಸ್ ನಗರದ ಸೇಂಟ್ ಹ್ಯೂಬರ್ಟ್ ಗ್ಯಾಲರಿಗೆ ಭೇಟಿ ನೀಡುವ ವ್ಯಾಪಾರಸ್ಥರು ಅಲ್ಲಿಯ ನ್ಯೂಹೌಸ್ ಚಾಕಲೇಟ್ ಅಂಗಡಿಯನ್ನು ತಪ್ಪದೆ ನೋಡತಕ್ಕದ್ದು. 1857ರಲ್ಲಿ ಜಾನ್ ನ್ಯೂಹೌಸ್ ಎಂಬುವರು ಅಲ್ಲಿ ಔಷಧಿ ಅಂಗಡಿಯನ್ನು ತೆರೆದರು. ಕಹಿ ಔಷಧಿಗೆ ಚಾಕಲೇಟ್ ಲೇಪಿಸಿ ಮಾರುವುದು ಅವರ ಉಪಾಯವಾಗಿತ್ತು. ಅದೇ ಹೆಸರಿನ ಮೊಮ್ಮಗ 1912ರಲ್ಲಿ ಒಳಗೆ ಹೂರಣ ತುಂಬಿದ ‘ಪ್ರಾಲೀನ್’ ಎಂಬ ಚಾಕಲೇಟನ್ನು ರೂಪಿಸಿದರು. ಕಾಗದದ ಪೊಟ್ಟಣದಲ್ಲಿ ಅವು ಜಜ್ಜಿಹೋಗುತ್ತಿದ್ದುದರಿಂದ ಅವರ ಪತ್ನಿ ಲೂಯಿಸ್ ಅಗೊಸ್ಟಿನಿ 1915ರಲ್ಲಿ ‘ಬ್ಯಾಲೋಟಿನ್’ ಎಂಬ ರಟ್ಟಿನ ಪೆಟ್ಟಿಗೆಯನ್ನು ರೂಪಿಸಿದರು. ಸರಕಿನ ನಷ್ಟವನ್ನು ತಡೆಯಲು ಹುಟ್ಟಿದ ಆ ಪೆಟ್ಟಿಗೆಯೇ ಮುಂದೆ ಉಡುಗೊರೆಯ ಗುರುತಾಯಿತು.

ಕೋಕೋ ಬೆಳೆ ದಕ್ಷಿಣ ಕನ್ನಡದ ಅಡಕೆ ತೋಟಗಳಲ್ಲಿಯೂ ಇದೆ; ಪುತ್ತೂರಿನಲ್ಲಿ ಕ್ಯಾಂಪ್ಕೊ ಚಾಕಲೇಟ್ ಕಾರ್ಖಾನೆ 1986ರಲ್ಲಿ ಆರಂಭವಾಯಿತು. ಈ ಉದ್ಯಮಕ್ಕೆ ಇಳಿಯುವ ಸಣ್ಣ ತಯಾರಕರು ಮೂರು ಅಂಶಗಳನ್ನು ಅರಿತಿರುವುದು ಅವಶ್ಯ.

1. ಮಾರಾಟವಾಗದ ಸರಕಿನ ವೆಚ್ಚ

ಉದಾಹರಣೆಗೆ, ತಯಾರಕರೊಬ್ಬರು 100 ಪೆಟ್ಟಿಗೆ ಚಾಕಲೇಟ್ ತಯಾರಿಸಲು ಕಚ್ಚಾ ಸರಕಿಗೆ 12,000 ರೂ., ಡಬ್ಬಿಗೆ 2,000 ರೂ., ಕೂಲಿ, ವಿದ್ಯುತ್ ಮತ್ತು ಬಾಡಿಗೆಗೆ 6,000 ರೂ. ವೆಚ್ಚ ಮಾಡುತ್ತಾರೆಂದು ಭಾವಿಸೋಣ. ಪೆಟ್ಟಿಗೆಯೊಂದಕ್ಕೆ 200 ರೂ. ಆಯಿತೆಂದು, ತೆರಿಗೆ ಹೊರತುಪಡಿಸಿ 240 ರೂ. ಬೆಲೆ ಇಟ್ಟು, ಒಟ್ಟು 4,000 ರೂ. ಲಾಭವನ್ನು ಅವರು ನಿರೀಕ್ಷಿಸುತ್ತಾರೆ. ಆದರೆ 4 ಪೆಟ್ಟಿಗೆ ಗ್ರಾಹಕರಿಗೆ ರುಚಿ ನೋಡಲು ಹೋದವು. 6 ಪೆಟ್ಟಿಗೆ ಬೇಸಿಗೆಯಲ್ಲಿ ಕರಗಿ ಅಥವಾ ಅವಧಿ ಮೀರಿ ಕೆಟ್ಟವು. ಉಳಿದ 90 ಪೆಟ್ಟಿಗೆಗಳಿಂದ ಬರುವ ಹಣ 21,600 ರೂ.; ಲಾಭ ಕೇವಲ 1,600 ರೂ. ಪೆಟ್ಟಿಗೆಯ ನಿಜವಾದ ವೆಚ್ಚ 200 ರೂ. ಅಲ್ಲ, 222 ರೂ. 22 ಪೈಸೆ. ಆದುದರಿಂದ ತಯಾರಾದ ಸಂಖ್ಯೆಯಿಂದಲ್ಲ, ಮಾರಾಟವಾಗುವ ಸಂಖ್ಯೆಯಿಂದ ವೆಚ್ಚವನ್ನು ಭಾಗಿಸತಕ್ಕದ್ದು.

2. ಮಾದರಿ ಮತ್ತು ಹಾಳಾದ ಸರಕಿನ ತೆರಿಗೆ

ಕೇಂದ್ರ ಜಿ.ಎಸ್.ಟಿ. ಕಾಯಿದೆಯ 17(5)(ಎಚ್) ಉಪಬಂಧದ ಪ್ರಕಾರ ಉಚಿತ ಮಾದರಿಯಾಗಿ ಅಥವಾ ಉಡುಗೊರೆಯಾಗಿ ಕೊಟ್ಟ, ನಾಶವಾದ, ಲೆಕ್ಕದಿಂದ ತೆಗೆದುಹಾಕಿದ ಸರಕಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ. ಮೇಲಿನ ಉದಾಹರಣೆಯಲ್ಲಿ 14,000 ರೂ. ಖರೀದಿಗೆ ಶೇ. 5ರಂತೆ 700 ರೂ. ತೆರಿಗೆ ತೆತ್ತಿದ್ದರೆ, 10 ಪೆಟ್ಟಿಗೆಗಳ ಪಾಲಿನ 70 ರೂ. ಕ್ರೆಡಿಟನ್ನು ಹಿಂದಿರುಗಿಸಬೇಕಾಗುತ್ತದೆ. ಲಾಭ 1,530 ರೂ.ಗೆ ಇಳಿಯುತ್ತದೆ. ಮೊತ್ತ ಚಿಕ್ಕದೆಂದು ಕಡೆಗಣಿಸಿದಲ್ಲಿ ವರ್ಷಾಂತ್ಯದ ಪರಿಶೀಲನೆಯಲ್ಲಿ ಅದು ಬಡ್ಡಿ ಸಹಿತ ಎದುರಾಗಬಹುದು. ಮಾದರಿಗೆ ಮತ್ತು ನಷ್ಟಕ್ಕೆ ಪ್ರತ್ಯೇಕ ಪುಸ್ತಕವಿಟ್ಟು, ದಿನವೂ ನಮೂದಿಸುವುದು ಕ್ಷೇಮ.

3. ಉಡುಗೊರೆ ಪೆಟ್ಟಿಗೆಯ ದರ

2025ರ ಸೆಪ್ಟೆಂಬರ್ 22ರಿಂದ ಚಾಕಲೇಟಿನ ತೆರಿಗೆ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ಅದೇ ದಿನದಿಂದ ಏರೇಟೆಡ್ ತಂಪು ಪಾನೀಯಕ್ಕೆ ಶೇ. 40. ಹಬ್ಬದ ಸಮಯದಲ್ಲಿ 400 ರೂ. ಚಾಕಲೇಟ್ ಮತ್ತು 100 ರೂ. ಪಾನೀಯವನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು 500 ರೂ. ಎಂಬ ಒಂದೇ ಬೆಲೆಗೆ ಮಾರಿದರೆ ಅದು ‘ಮಿಶ್ರ ಪೂರೈಕೆ’ ಎನಿಸುತ್ತದೆ. ಆಗ ಅತಿ ಹೆಚ್ಚಿನ ದರವೇ ಇಡೀ ಪೆಟ್ಟಿಗೆಗೆ ಅನ್ವಯಿಸಿ ತೆರಿಗೆ 200 ರೂ. ಆಗುತ್ತದೆ. ಎರಡನ್ನೂ ಪ್ರತ್ಯೇಕವಾಗಿ, ಪ್ರತ್ಯೇಕ ಬೆಲೆಗೆ ಪೂರೈಸಿದರೆ 20 ರೂ. ಮತ್ತು 40 ರೂ., ಒಟ್ಟು 60 ರೂ. ಮಾತ್ರ. ಬಿಲ್ಲಿನಲ್ಲಿ ಬೇರೆ ಬೇರೆ ಸಾಲು ಬರೆದರಷ್ಟೇ ಸಾಲದು. ಗ್ರಾಹಕನು ಬೇಕಾದುದನ್ನು ಮಾತ್ರ ಕೊಳ್ಳುವಂತೆ ಮಾರಾಟವೂ ನಿಜವಾಗಿ ಪ್ರತ್ಯೇಕವಾಗಿರಬೇಕು.

ಬ್ರಸೆಲ್ಸಿನ ಅಂಗಡಿಯ ಗಾಜಿನ ಕಪಾಟಿನಲ್ಲಿ ಸಾಲಾಗಿ ಜೋಡಿಸಿದ ಚಾಕಲೇಟಿನ ಸೊಬಗನ್ನು ಎಲ್ಲರೂ ನೋಡುತ್ತಾರೆ. ವ್ಯಾಪಾರಸ್ಥನು ಅದರೊಡನೆ ಪೆಟ್ಟಿಗೆಯ ಬಲ, ಕೋಣೆಯ ತಂಪು, ದಿನದ ತಯಾರಿಕೆಯ ಪ್ರಮಾಣ ಇವುಗಳನ್ನೂ ನೋಡಬೇಕು. ಕೈತಯಾರಿಕೆಯ ಸರಕಿಗೆ ಗ್ರಾಹಕನು ಹೆಚ್ಚು ಬೆಲೆ ತೆರಲು ಸಿದ್ಧನಿರುತ್ತಾನೆ. ಆದರೆ ತನ್ನ ವೆಚ್ಚವೆಷ್ಟೆಂದು ತಿಳಿಯದ ತಯಾರಕನು ಆ ಬೆಲೆಯನ್ನು ಕೇಳಲಾರನು.