ಕಡಲು ಎಡಕ್ಕಿರಲಿ

ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿ ನೋಡಲು ಹೊರಟವರಿಗೆ ನಾನು ಮೊದಲು ಹೇಳುವುದು, ದಕ್ಷಿಣದಿಂದ ಉತ್ತರಕ್ಕೆ ಹೋಗಿ ಎಂದು. ಆಗ ಕಡಲು ನಿಮ್ಮ ಎಡಕ್ಕಿರುತ್ತದೆ. ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾದ ಮೇಲೆ ನಡುವೆ ಡಿವೈಡರ್ ಬಂತು. ಕಾರವಾರದ ಕಡೆಯಿಂದ ಬರುವವರಿಗೆ ಕಡಲು ಆಚೆ ಬದಿ. ನಿಲ್ಲಬೇಕೆನಿಸಿದರೆ ಮುಂದೆಲ್ಲೋ ಯೂ ಟರ್ನ್ ಹುಡುಕಬೇಕು.

ಎರಡನೆಯದು, ಪಟ್ಟಿ ಚಿಕ್ಕದಿರಲಿ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಅರ್ಧ ದಿನ ಹೋಯಿತೆಂದೇ ಲೆಕ್ಕ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ಆರಿ ಕಂಬಕಂಬವಾಗಿ ನಿಂತ ಆ ಬಂಡೆಗಳಿಗೆ ಅಷ್ಟು ಹೊತ್ತು ಕೊಡಲೇಬೇಕು. ಮುರ್ಡೇಶ್ವರದ ಶಿವನನ್ನು ಎಲ್ಲರೂ ನೋಡುತ್ತಾರೆ, ನೀವೂ ನೋಡಿ. ಅದೇ ದಿನ ಗೋಕರ್ಣವನ್ನೂ ಮುಗಿಸುವ ಆಸೆ ಮಾತ್ರ ಬೇಡ.

ಇಷ್ಟು ವರ್ಷ ಈ ದಾರಿಯಲ್ಲಿ ಓಡಾಡಿ ನನಗೆ ಮನವರಿಕೆಯಾದದ್ದು ಬೇರೆಯೇ ಇದೆ. ಇಲ್ಲಿ ನಿಂತು ನೋಡಬೇಕಾದದ್ದು ಬೀಚುಗಳಿಗಿಂತ ಹೆಚ್ಚಾಗಿ ಹೊಳೆಗಳನ್ನು. ಮರವಂತೆಯನ್ನೇ ನೋಡಿ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ರಸ್ತೆ. ಕಡಲ ಹತ್ತಿರಕ್ಕೇ ಬಂದ ಹೊಳೆ ಅಲ್ಲಿ ಸೇರದೆ ತೆಂಕಣಕ್ಕೆ ತಿರುಗಿ ಗಂಗೊಳ್ಳಿಯ ಅಳಿವೆಯವರೆಗೆ ಹೋಗುತ್ತದೆ. ಬಹುತೇಕರು ಕಡಲಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ರಸ್ತೆಯನ್ನು ಜೋಪಾನವಾಗಿ ದಾಟಿ ವರಾಹಸ್ವಾಮಿ ದೇವಸ್ಥಾನದ ಹಿಂದೆ ಹೊಳೆ ದಂಡೆಗೆ ಹೋಗಿ. ಅಲೆಯ ಸದ್ದು ಕೇಳುತ್ತಲೇ ಇರುತ್ತದೆ, ಕಣ್ಣೆದುರಿನ ನೀರು ಮಾತ್ರ ಅಲುಗುವುದಿಲ್ಲ.

ನನಗೆ ಎಲ್ಲಕ್ಕಿಂತ ಪ್ರೀತಿಯ ಜಾಗ ಕುಮಟಾ ಆಚೆಯ ಅಘನಾಶಿನಿ. ಅಣೆಕಟ್ಟು ಕಾಣದ ಹೊಳೆ. ಹೆದ್ದಾರಿಯ ಪಕ್ಕದಲ್ಲೇ ಮಿರ್ಜಾನ್ ಕೋಟೆಯಿದೆ. ಮಳೆ ಬಿದ್ದರೆ ಅದರ ಕೆಂಪುಕಲ್ಲಿನ ಗೋಡೆಗಳೆಲ್ಲ ಪಾಚಿಯಿಂದ ಹಸಿರು. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೋಟೆ ಇದು. ಕೋಟೆ ನೋಡಿ ಅಳಿವೆಯ ಕಡೆ ಹೋದಾಗ ದಂಡೆಯಲ್ಲಿದ್ದ ಅಜ್ಜಿಯೊಬ್ಬರು, ‘ನೀರು ಇಳಿಲಿ, ಮತ್ತೆ ಬನ್ನಿ’ ಎಂದರು. ಮಧ್ಯಾಹ್ನ ಹೋದರೆ ಬೆಳಿಗ್ಗೆ ನೀರು ತುಂಬಿದ್ದಲ್ಲಿ ಕೆಸರುದಿಣ್ಣೆ ಎದ್ದಿತ್ತು. ಹೆಂಗಸರು ಸೀರೆ ಎತ್ತಿಕಟ್ಟಿ, ಕೆಸರಿಗೆ ಬೆರಳಿಟ್ಟು ತಡಕಿ ತಡಕಿ ಬಳಚು ಚಿಪ್ಪು ಆಯ್ದು ಬುಟ್ಟಿಗೆ ಹಾಕುತ್ತಿದ್ದರು. ಅಂದಿನಿಂದ ಹೊರಡುವ ಮುನ್ನ ಉಬ್ಬರವಿಳಿತದ ಹೊತ್ತು ನೋಡಿಕೊಳ್ಳುವುದು ರೂಢಿಯಾಗಿದೆ. ಇದೇ ಉಪ್ಪುನೀರಿನ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಮಾದನಗೇರಿಯಿಂದ ಗೋಕರ್ಣಕ್ಕೆ ತಿರುಗಿದರೆ ಸಾಣಿಕಟ್ಟೆಯ ಉಪ್ಪಿನಾಗರ. ಬೇಸಿಗೆಯಲ್ಲಿ ಹೋಗಿ, ಉಪ್ಪಿನ ರಾಶಿ ಕಾಣುತ್ತದೆ.

ಮಳೆಗಾಲದಲ್ಲಿ ಈ ದಾರಿ ಇನ್ನೂ ಚೆಂದ. ಆದರೆ ಆಗ ಎಲ್ಲಿ ನಿಲ್ಲಬಾರದು ಎಂಬುದೇ ಮುಖ್ಯ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾ ಅಂಗಡಿ, ಅಲ್ಲಿದ್ದ ಜನ, ನಿಂತಿದ್ದ ಲಾರಿಗಳು ಮಣ್ಣಿನಡಿಗೆ, ಗಂಗಾವಳಿ ಹೊಳೆಗೆ ಹೋದವು. ಆ ದಾರಿಯಲ್ಲಿ ನಾವೂ ಎಷ್ಟೋ ಸಲ ಗಾಡಿ ನಿಲ್ಲಿಸಿ ಚಹಾ ಕುಡಿದವರೇ. ಮಳೆ ಹಿಡಿದಿದ್ದರೆ ಈಗ ಕಡಿದ ಗುಡ್ಡದ ಬುಡದಲ್ಲಿ ಎಲ್ಲಿಯೂ ನಿಲ್ಲುವುದಿಲ್ಲ. ಚಹಾ ಏನಿದ್ದರೂ ಅಂಕೋಲಾ ಪೇಟೆಗೆ ಹೋಗಿಯೇ.